ಹಲ್ಲು ಕೀಳಿಸಿದ ಮೇಲೆ: ಪ್ಯಾರಾಸಿಟಮಾಲೋ, ಟ್ರಮಡಾಲೋ?

ಮಂಗಳೂರಿನ ಹಂಪನಕಟ್ಟೆಯಲ್ಲಿ ಹಲ್ಲು ಕೀಳಿಸಿ ಉಡುಪಿ ಬಸ್ಸು ಹತ್ತುವವರ ಚೀಟಿಯಲ್ಲಿ ಈ ಎರಡು ನೋವಿನ ಮಾತ್ರೆಗಳಲ್ಲೊಂದು ಇರಬಹುದು.

ಪ್ಯಾರಾಸಿಟಮಾಲ್ 650 ಮಿ.ಗ್ರಾಂ ಮಾತ್ರೆ ಆರು ಗಂಟೆಗೊಂದು, ದಿನಕ್ಕೆ ನಾಲ್ಕು ಮೀರಬಾರದು. ಮೀರಿದರೆ ಪೆಟ್ಟು ಯಕೃತ್ತಿಗೆ. ಚಟವಂತೂ ಹತ್ತದು.

ಟ್ರಮಡಾಲ್ 50 ಬೇರೆಯೇ ಜಾತಿ. ಯಕೃತ್ತಿನ ಕಿಣ್ವವೊಂದು ಅದನ್ನು ಇನ್ನೂ ಪ್ರಬಲ ಒಪಿಯಾಯ್ಡ್ (ಅಫೀಮಿನ ಬಗೆಯ ನೋವುಮದ್ದು) ಆಗಿಸುತ್ತದೆ. ಆ ಕಿಣ್ವ ಅತಿ ಚುರುಕಿದ್ದವರಿಗೆ ಮಾಮೂಲಿ ಡೋಸೂ ಹೆಚ್ಚಾದೀತು. ಮದ್ಯವೋ ನಿದ್ದೆಮಾತ್ರೆಯೋ ಜೊತೆಯಾದರೆ ಉಸಿರು ನಿಧಾನವಾಗುತ್ತಾ ನಿಂತೇಹೋಗಬಹುದು. ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಫಿಟ್ಸ್ ಭಯ. ವಾರಗಟ್ಟಲೆ ನುಂಗಿ ತಟ್ಟನೆ ಬಿಟ್ಟರೆ ಬೆವರು, ನಡುಕ, ಭೇದಿ. 2018ರಿಂದ ಇದು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ಇದೆ, ಹಳೇ ಚೀಟಿ ಹಿಡಿದು ಹೋಗಬೇಡಿ.

ಹಲ್ಲಿಗೆ ಸಾಮಾನ್ಯವಾಗಿ ಮೊದಲನೆಯದೇ ಸಾಕು. ಸಾಲದಿದ್ದರೆ ಬಿಸಿಯಾರಿದ ಗಂಜಿ ಉಂಡು ಐಬುಪ್ರೊಫೇನ್, ಅದೂ ವೈದ್ಯರನ್ನು ಕೇಳಿ. ಸ್ಟ್ರಿಪ್ಪಿನ ಹಿಂಬದಿ ಓದಿ: ಕೆಲವು ಮಾತ್ರೆಗಳಲ್ಲಿ ಟ್ರಮಡಾಲ್ 37.5, ಪ್ಯಾರಾಸಿಟಮಾಲ್ 325 ಎರಡೂ ಇರುತ್ತವೆ. ಅದರ ಮೇಲೆ 650 ನುಂಗಿದರೆ ಲೆಕ್ಕ ತಪ್ಪುತ್ತದೆ.