ಡಬಲ್ ಸ್ಟೇಜ್ ರೆಗ್ಯುಲೇಟರ್ ತಂದು ಆರು ತಿಂಗಳು

ಪೀಣ್ಯದಲ್ಲಿ ನನ್ನದೊಂದು ಸಣ್ಣ ವೆಲ್ಡಿಂಗ್ ಶೆಡ್ ಇದೆ. ಸಿಲಿಂಡರಿನ ಒತ್ತಡ ಇಳಿಸಿ ಟಾರ್ಚಿಗೆ ಕೊಡುವ ಹಳೆಯ ಸಿಂಗಲ್ ಸ್ಟೇಜ್ ಆಕ್ಸಿಜನ್ ರೆಗ್ಯುಲೇಟರ್ ಕಾಟ ಕೊಡುತ್ತಿತ್ತು. ಟಾರ್ಚ್ ಬಂದ್ ಮಾಡಿದರೂ ಹೋಸ್ ಕಡೆಯ ಒತ್ತಡದ ಮೀಟರಿನ ಮುಳ್ಳು ಮೆಲ್ಲಗೆ ಮೇಲೇರುತ್ತಿತ್ತು. ಇದಕ್ಕೆ ‘ಕ್ರೀಪ್’ ಅನ್ನುತ್ತಾರೆ. ಒಳಗೆ ಗ್ಯಾಸ್ ತಡೆಯುವ ಸೀಟ್ ಸವೆದಿರುತ್ತದೆ, ಇಲ್ಲವೇ ಕಸ ಕೂತಿರುತ್ತದೆ. ಹೋಸ್ ಸಿಡಿಯುವವರೆಗೆ ಯಾಕೆ ಕಾಯುವುದು ಅಂತ ಡಬಲ್ ಸ್ಟೇಜ್ ತಂದೆ.

ವ್ಯತ್ಯಾಸ ಮೊದಲ ಸಿಲಿಂಡರಿನಲ್ಲೇ ಗೊತ್ತಾಯಿತು. ತುಂಬಿದ ಸಿಲಿಂಡರಿನಲ್ಲಿ ಸುಮಾರು 150 ಬಾರ್ ಒತ್ತಡ ಇರುತ್ತದೆ, ನನ್ನ ಕೆಲಸಕ್ಕೆ ಬೇಕಾದದ್ದು 2-3. ಡಬಲ್ ಸ್ಟೇಜ್ ಅದನ್ನು ಒಂದೇ ಏಟಿಗೆ ಇಳಿಸದೆ ಎರಡು ಸಲ ಇಳಿಸುತ್ತದೆ. ಸಿಲಿಂಡರ್ ಖಾಲಿಯಾಗುತ್ತಾ ಬಂದರೂ ಉರಿ ಅಲ್ಲಾಡುವುದಿಲ್ಲ. ಮೊದಲೆಲ್ಲ ಆಗಾಗ ಸ್ಕ್ರೂ ತಿರುಗಿಸುತ್ತಿದ್ದ ಹುಡುಗ ಈಗ ಮುಟ್ಟುವುದೇ ಇಲ್ಲ.

ತಕರಾರಿಲ್ಲ ಅಂತಲ್ಲ. ಭಾರ ಜಾಸ್ತಿ, ಬೆಲೆಯೂ ಜಾಸ್ತಿ. ಸ್ಕ್ರೂ ಹಿಡಿ ಸಣ್ಣದು, ಗ್ಲೌಸ್ ಹಾಕಿದರೆ ಕೈಗೇ ಸಿಗುವುದಿಲ್ಲ. ನಟ್ಟು ಬಿಗಿ ಅಂತ ಹುಡುಗ ಎಣ್ಣೆ ಬಿಡಲು ಹೋಗಿದ್ದ, ಸರಿಯಾಗಿ ಬೈದೆ. ಆಕ್ಸಿಜನ್ ಜೊತೆ ಎಣ್ಣೆ ಸೇರಿದರೆ ಬೆಂಕಿಯೇ ಅಲ್ವಾ?

ಆಕ್ಸಿಜನ್ ಜೊತೆ ಉರಿಸುವ ಗ್ಯಾಸ್ ಅಸಿಟಿಲಿನ್‌ಗೆ ಹಳೆಯ ಸಿಂಗಲ್ ಸ್ಟೇಜೇ ಇದೆ. ಅದರ ನಟ್ಟು ಆಕ್ಸಿಜನ್ನಿನದಕ್ಕೆ ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಹಾಗಾಗಿ ಎರಡು ರೆಗ್ಯುಲೇಟರ್ ಅದಲುಬದಲಾಗುವ ಭಯವಿಲ್ಲ.