ಸಾವಿರ ಲೀಟರಿನ ಮನೆ ಬಯೋಗ್ಯಾಸ್: ಮೂರು ವರ್ಷ ಬಳಸಿದ ಮೇಲೆ

ಸಿಲಿಂಡರ್ ಪೂರ್ತಿ ತಪ್ಪುತ್ತದೆ ಎಂದುಕೊಂಡು, ಅಡುಗೆಮನೆಯ ತ್ಯಾಜ್ಯ ಕೊಳೆಸಿ ಒಲೆಗೆ ಗ್ಯಾಸ್ ಕೊಡುವ ಈ ತೊಟ್ಟಿಯನ್ನು ಕೊಳ್ಳಬೇಡಿ. 5 ಕೆಜಿ ಹಸಿ ತ್ಯಾಜ್ಯಕ್ಕೆ ಹೆಚ್ಚೆಂದರೆ ಅರ್ಧ ಘನ ಮೀಟರ್ ಗ್ಯಾಸ್ ಬರುತ್ತದೆ. ಒಂದು ಬರ್ನರ್ ಗಂಟೆಯಷ್ಟು ಉರಿಯುತ್ತದೆ. ಚಿಕ್ಕ ಸಂಸಾರದ ಎರಡು ಕೆಜಿ ಮುಸುರೆಯಲ್ಲಿ ಬೆಳಗಿನ ಕಾಫಿ, ತಿಂಡಿ ಆದೀತು. ಅಷ್ಟಕ್ಕೆ ಒಪ್ಪಿದರೆ ಇದು ನಿಜಕ್ಕೂ ಒಳ್ಳೆಯ ವಸ್ತು.

ತೇಲುವ ಡ್ರಮ್ಮಿನ ಮಾದರಿ ಇದು: ತೊಟ್ಟಿಯ ಮೇಲೆ ಬೋರಲಾಗಿ ತೇಲುವ ಡ್ರಮ್ ಗ್ಯಾಸ್ ತುಂಬಿದಂತೆ ಏರುತ್ತದೆ. ಶುರುವಿಗೆ 150 ಕೆಜಿ ಹಸಿ ಸಗಣಿಯನ್ನು ನೀರಿನಲ್ಲಿ ಕದಡಿ, ಹುಲ್ಲುಕಡ್ಡಿ ಸೋಸಿ ಸುರಿದು, ಉಳಿದ ಜಾಗಕ್ಕೆ ನೀರು ತುಂಬಿಸಬೇಕು. ಎರಡು ಮೂರು ವಾರಕ್ಕೆ ಡ್ರಮ್ ಮೇಲೇಳುತ್ತದೆ. ಮೊದಲ ಗ್ಯಾಸಿನಲ್ಲಿ ಗಾಳಿ ಬೆರೆತಿರುತ್ತದೆ. ಬೆಂಕಿ ತೋರಿಸದೆ ಬಯಲಿಗೆ ಬಿಟ್ಟುಬಿಡಿ.

ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಹಬ್ಬದ ಮಾರನೆಯ ದಿನ ಉಳಿದ ಅನ್ನವನ್ನೆಲ್ಲ ಒಮ್ಮೆಗೇ ಸುರಿಯುವುದು. ಅನ್ನವನ್ನು ಆಮ್ಲ ಮಾಡುವ ಸೂಕ್ಷ್ಮಜೀವಿಗಳು ಚುರುಕು, ಆ ಆಮ್ಲವನ್ನು ಮೀಥೇನ್, ಅಂದರೆ ಉರಿಯುವ ಅನಿಲ, ಮಾಡುವವು ನಿಧಾನ. ಆಮ್ಲ ಉಳಿದು ಬಗ್ಗಡ ಹುಳಿಯುತ್ತದೆ. ಡ್ರಮ್ ಏರಿರುತ್ತದೆ, ಒಲೆ ಮಾತ್ರ ಹತ್ತುವುದಿಲ್ಲ, ಏಕೆಂದರೆ ಒಳಗಿರುವುದು ಬಹುಪಾಲು ಇಂಗಾಲದ ಡೈಆಕ್ಸೈಡ್. ಹುಳಿ ಅಳೆಯುವ ಪಿಎಚ್ ಪೇಪರ್ 6.5ಕ್ಕಿಂತ ಕೆಳಗೆ ತೋರಿಸಿದರೆ ವಾರ ತ್ಯಾಜ್ಯ ಏನೂ ಹಾಕಬೇಡಿ. ಒಂದು ಬಕೆಟ್ ಸಗಣಿ ಬಗ್ಗಡ ಸೇರಿಸಿ, ಪಿಎಚ್ 7ರ ಹತ್ತಿರ ಬರುವವರೆಗೆ ದಿನಾ ಸ್ವಲ್ಪ ಸುಣ್ಣದ ತಿಳಿ ಬಿಡಿ. ಆಮೇಲೆ ಅರ್ಧ ಕೆಜಿಯಿಂದ ಮತ್ತೆ ಶುರು. ನಿಂಬೆ ಸಿಪ್ಪೆ, ಮೊಟ್ಟೆ ಚಿಪ್ಪು, ತೆಂಗಿನ ನಾರು ಬೇಡವೇ ಬೇಡ. ಉಳಿದದ್ದನ್ನು ಮಿಕ್ಸಿಯಲ್ಲಿ ತಿರುವಿ, ಅಷ್ಟೇ ನೀರು ಬೆರೆಸಿ ಹಾಕಿ.

ಕೊಳೆತ ಮೊಟ್ಟೆಯ ವಾಸನೆ ಗ್ಯಾಸಿನಲ್ಲಿ ಬೆರೆತ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲದ್ದು, ಅದು ಬರ್ನರನ್ನೂ ತಿನ್ನುತ್ತದೆ. ಒಂದಡಿ ಪಿವಿಸಿ ಪೈಪಿಗೆ ತುಕ್ಕು ಹಿಡಿದ ಕಬ್ಬಿಣದ ನಾರು ತುಂಬಿ ಗ್ಯಾಸ್ ಲೈನಿನಲ್ಲಿ ಕೂರಿಸಿದರೆ ಸಾಕು, ತುಕ್ಕು ಅದನ್ನು ಹಿಡಿದುಕೊಳ್ಳುತ್ತದೆ. ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಸ್ಟೀಲ್ ನಾರು ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಪ್ರಯೋಜನವಿಲ್ಲ. ನಾರು ಕಪ್ಪಾದಾಗ ಬದಲಿಸಿ. ತೆಗೆದದ್ದು ಗಾಳಿ ತಗುಲಿದರೆ ಬಿಸಿಯಾಗುತ್ತದೆ, ನೀರಿನಲ್ಲಿ ನೆನೆಸಿಯೇ ಹೊರಗೆ ಹಾಕಿ.

ಉರಿ ಕುಣಿಯುತ್ತಿದ್ದರೆ ಪೈಪಿನ ತಗ್ಗಿನಲ್ಲಿ ನೀರು ನಿಂತಿದೆ ಎಂದರ್ಥ. ಅಲ್ಲೊಂದು ಟಿ ಆಕಾರದ ಪೈಪ್ ತುಂಡು ಜೋಡಿಸಿ, ವಾರಕ್ಕೊಮ್ಮೆ ನೀರು ಬಸಿಯಿರಿ. ಮಾಮೂಲಿ ಎಲ್‌ಪಿಜಿ ಒಲೆಯ ಜೆಟ್ಟಿನ ತೂತು ಇದಕ್ಕೆ ಚಿಕ್ಕದು, ಬಯೋಗ್ಯಾಸ್ ಬರ್ನರನ್ನೇ ತನ್ನಿ.

ಚಳಿಗಾಲದಲ್ಲಿ ಗ್ಯಾಸ್ ಇಳಿಯುತ್ತದೆ. ಆಗ ಹೆಚ್ಚು ಹಾಕಬೇಡಿ, ಕಡಿಮೆ ಮಾಡಿ. ಹೊರಬರುವ ಬಗ್ಗಡಕ್ಕೆ ಐದು ಪಟ್ಟು ನೀರು ಬೆರೆಸಿ ಕರಿಬೇವಿನ ಬುಡಕ್ಕೆ ಹಾಕಬಹುದು.