ವೆನಿಸ್‌ನಲ್ಲಿ ಒಂದೇ ಸಂಜೆ: ಹಳೇ ಮನೆಯೋ, ಒಪೆರಾ ಹೌಸೋ?

ಇರುವ ಒಂದೇ ಸಂಜೆ ಸಂಗೀತ ಕೇಳಲು ಹಳೇ ಮನೆಗಳಾದ ಪಲಾಝೆಟ್ಟೊ ಬ್ರು ಝಾನೆಗೆ ಹೋಗಲೋ, ಬಾರ್ಬರಿಗೊ ಮಿನೊಟ್ಟೊಗೋ, ಇಲ್ಲಾ ಒಪೆರಾ ಹೌಸ್ ಆದ ಲಾ ಫೆನಿಚೆಗೋ ಅಂತ ಕೇಳಿದ್ದೀರಿ.

ಮೊದಲನೆಯದು ಝಾನೆ ಮನೆತನದವರು 1695ರ ಸುಮಾರಿಗೆ ಮೋಜಿಗೆಂದೇ ಕಟ್ಟಿಸಿದ ಬರೋಕ್ ಮನೆ, ಅಂದರೆ ಅಲಂಕಾರ ತುಂಬಿದ ಆ ಕಾಲದ ಶೈಲಿಯದು. ಒಳಗೆ ಸೆಬಾಸ್ಟಿಯಾನೊ ರಿಚ್ಚಿಯ ಚಿತ್ರಗಳಿವೆ. 2009ರಿಂದ ಅಲ್ಲಿ ಫ್ರೆಂಚ್ ರೊಮ್ಯಾಂಟಿಕ್ (ಮುಖ್ಯವಾಗಿ 19ನೇ ಶತಮಾನದ) ಸಂಗೀತದ ಕೇಂದ್ರವಿದೆ. ಸುಮಾರು ನೂರು ಜನ ಕೂರಬಹುದು, ಅಷ್ಟೇ.

ದುಡ್ಡು ಮುಖ್ಯ ಅಂದರೆ ಇಲ್ಲಿಗೇ ಹೋಗಿ, ಮೂರರಲ್ಲಿ ಇದು ಅಗ್ಗ. ಆದರೆ ವೆನಿಸ್‌ನ ಹೆಸರಾಂತ ಸಂಗೀತಗಾರ ವಿವಾಲ್ಡಿಯ ಆಸೆ ಇಟ್ಟುಕೊಳ್ಳಬೇಡಿ. ಹೆಸರೇ ಕೇಳಿರದ ಫ್ರೆಂಚರ ಸಂಗೀತ ಸಿಗುವುದೇ ಜಾಸ್ತಿ. ನನಗಂತೂ ಅದೇ ಇಷ್ಟ.

ಬಾರ್ಬರಿಗೊ ಮಿನೊಟ್ಟೊದ ಮಜಾ ಬೇರೆ. ಗ್ರ್ಯಾಂಡ್ ಕಾಲುವೆಯ ದಂಡೆಯ ಮನೆ, ಅಲ್ಲಿ ಒಪೆರಾ (ಹಾಡಿನಲ್ಲೇ ಸಾಗುವ ನಾಟಕ) ಆಡುತ್ತಾರೆ, ಅಂಕಕ್ಕೊಂದು ಕೋಣೆ. ವೆರ್ಡಿಯ ಒಪೆರಾ ‘ಲಾ ಟ್ರಾವಿಯಾಟಾ’ ಆದರೆ, ಮೊದಲಿನ ಪಾರ್ಟಿ ಪಡಸಾಲೆಯಲ್ಲಿ, ಕೊನೆಗೆ ನಾಯಕಿಯ ಸಾವು ಮಲಗುವ ಕೋಣೆಯಲ್ಲಿ. ನೀವೂ ಎದ್ದು ಹಿಂದೆಯೇ ಹೋಗಬೇಕು. ಹಾಡುವವರು ಕೈಗೆಟುಕುವಷ್ಟು ಹತ್ತಿರ, ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಟಿಕೆಟ್ ಮಾತ್ರ ದುಬಾರಿ, ವಾದ್ಯಗಳು ಬೆರಳೆಣಿಕೆ. ಮೊದಲ ಸಲ ಒಪೆರಾ ನೋಡುವವರಿಗೆ ಇದು ಹಿಡಿಸುತ್ತದೆ. ಮಂಡಿನೋವಿನವರು ಯೋಚಿಸಿ.

ತುಂಬು ಆರ್ಕೆಸ್ಟ್ರಾ ಬೇಕಾ? ಹಾಗಾದರೆ ಫೆನಿಚೆಯೇ ಸರಿ, ಅದು ಮನೆ ಅಲ್ಲದಿದ್ದರೂ. ಇದೇ ‘ಟ್ರಾವಿಯಾಟಾ’ 1853ರಲ್ಲಿ ಮೊದಲು ಆಡಿದ್ದು ಅಲ್ಲೇ, ಆಗ ಸೋತಿತ್ತು ಅನ್ನುವುದು ಬೇರೆ ಮಾತು. 1996ರಲ್ಲಿ ಸುಟ್ಟುಹೋಗಿ, ಮತ್ತೆ ಮೊದಲಿನ ಹಾಗೆಯೇ ಎದ್ದಿದೆ. ಅಗ್ಗದ ಸೀಟೂ ಸಿಗುತ್ತದೆ, ಆದರೆ ಸಭಾಂಗಣದ ಬದಿಯ ಬಾಕ್ಸ್‌ನ (ಪುಟ್ಟ ಕೋಣೆಯಂಥ ಆಸನದ ಜಾಗ) ಹಿಂದಿನ ಸಾಲಿನಿಂದ ಅರ್ಧ ವೇದಿಕೆ ಕಾಣುವುದಿಲ್ಲ.